ಅಪ್ಪನಿಗೆ ಎಂಟೂವರೆ, ತಮ್ಮನಿಗೆ ಹದಿನೆಂಟು: ಕಿಡ್ನಿಗೂ ರಕ್ತಕ್ಕೂ ಏನು ನಂಟು?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಈಗ ಕಿಡ್ನಿಗೂ ತೊಂದರೆಯಾಗಿ ಕ್ರಿಯಾಟಿನಿನ್ 3.8 ಬಂದಿದೆ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಹಿಮೋಗ್ಲೋಬಿನ್ 8.5ಕ್ಕೆ ಇಳಿದಿದೆ. ಬೀಟ್‌ರೂಟ್, ದಾಳಿಂಬೆ, ಖರ್ಜೂರ ಎಲ್ಲ ಕೊಡುತ್ತಿದ್ದೇವೆ, ಏರುತ್ತಲೇ ಇಲ್ಲ. ರಕ್ತ ಹೆಚ್ಚಾಗಲು ಇಂಜೆಕ್ಷನ್ ಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಸೇನೆಯಲ್ಲಿರುವ ನನ್ನ ತಮ್ಮ ಲೇಹ್‌ಗೆ ಹೋಗಿ ಎಂಟು ತಿಂಗಳಾಯಿತು. ಅವನಿಗೆ ಹಿಮೋಗ್ಲೋಬಿನ್ 18 ಬಂದಿದೆ. ಅಲ್ಲಿನ ಡಾಕ್ಟರು ಅದೂ ಕಿಡ್ನಿಯದೇ ಕೆಲಸ ಅಂದರಂತೆ. ಮೂತ್ರ ಸೋಸುವ ಕಿಡ್ನಿಗೂ ರಕ್ತಕ್ಕೂ ಏನು ಸಂಬಂಧ? ಸ್ವಲ್ಪ ವಿವರವಾಗಿ ತಿಳಿಸಿ.
— ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ಇಬ್ಬರು ಡಾಕ್ಟರೂ ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ತಂದೆಯವರ 8.5ಕ್ಕೂ ತಮ್ಮನ 18ಕ್ಕೂ ಹಿಂದೆ ಇರುವುದು ಒಂದೇ ಹಾರ್ಮೋನು. ಅದರ ಹೆಸರು ಎರಿಥ್ರೊಪೊಯೆಟಿನ್. ಆಸ್ಪತ್ರೆಯಲ್ಲಿ ಎಲ್ಲರೂ ಇಪಿಒ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ದೊಡ್ಡವರ ದೇಹದಲ್ಲಿ ಇದರ ಬಹುಪಾಲು, ಅಂದರೆ ಸುಮಾರು 90 ಶೇಕಡಾ, ಬರುವುದು ಕಿಡ್ನಿಯಿಂದ. ಉಳಿದದ್ದು ಹೆಚ್ಚಾಗಿ ಲಿವರ್‌ನಿಂದ. ತಾಯಿಯ ಹೊಟ್ಟೆಯಲ್ಲಿರುವ ಮಗುವಿಗೆ ಮಾತ್ರ ಲಿವರ್ರೇ ಮುಖ್ಯ ಮೂಲ.

ಮೊದಲು ಇಪಿಒ ಮಾಡುವ ಕೆಲಸ ನೋಡೋಣ. ಕೆಂಪು ರಕ್ತಕಣ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಒಂದು ಕಣದ ಆಯುಸ್ಸು ಸುಮಾರು 120 ದಿನ. ಹಳೆಯವು ಸಾಯುತ್ತಲೇ ಇರುತ್ತವೆ. ಹಾಗಾಗಿ ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣ ಹೊರಗೆ ಬಿಡಬೇಕು. ಕೆಂಪು ಕಣವಾಗಬೇಕಾದ ಎಳೆಯ ಕೋಶಗಳು ಅಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಹುಟ್ಟುತ್ತವೆ. ಆದರೆ ಬೆಳೆಯುವ ಒಂದು ಹಂತದಲ್ಲಿ ಅವಕ್ಕೆ ಇಪಿಒ ಸಿಗಲೇಬೇಕು. ಸಿಗದಿದ್ದರೆ ತಾವಾಗಿಯೇ ಸತ್ತುಹೋಗುತ್ತವೆ. ಇಪಿಒ ಜಾಸ್ತಿ ಇದ್ದರೆ ಜಾಸ್ತಿ ಕೋಶ ಬದುಕುತ್ತವೆ, ಕಡಿಮೆ ಇದ್ದರೆ ಕಡಿಮೆ ಬದುಕುತ್ತವೆ. ಬೀಟ್‌ರೂಟ್ ತಿಂದರೂ ನಿಮ್ಮ ತಂದೆಯವರ ಹಿಮೋಗ್ಲೋಬಿನ್ ಏರದಿರುವುದಕ್ಕೆ ಮುಖ್ಯ ಕಾರಣ ಇದೇ. ಊಟದಿಂದ ಕಬ್ಬಿಣ ಬರಬಹುದು, ಇಪಿಒ ಬರುವುದಿಲ್ಲ.

ಎತ್ತರಕ್ಕೆ ಹೋದರೆ ರಕ್ತಕಣ ಹೆಚ್ಚುತ್ತವೆ ಅನ್ನುವುದು ಗೊತ್ತಾಗಿ ನೂರಮೂವತ್ತು ವರ್ಷ ದಾಟಿದೆ. 1890ರಲ್ಲಿ ಫ್ರಾನ್ಸಿನ ವಿಯೋ ಎಂಬ ವೈದ್ಯರು ಪೆರು ದೇಶದ ಮೊರೊಕೊಚಾ ಎಂಬ ಗಣಿ ಊರಿಗೆ ಹೋಗಿದ್ದರು. ಅದು ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ತಮ್ಮದೇ ರಕ್ತದ ಕಣಗಳನ್ನು ಎಣಿಸಿದರು. ಕೆಳಗಿದ್ದಾಗ ಒಂದು ಘನ ಮಿಲಿಮೀಟರಿಗೆ ಸುಮಾರು 50 ಲಕ್ಷ ಇದ್ದದ್ದು ಕೆಲವೇ ವಾರಗಳಲ್ಲಿ 70 ಲಕ್ಷ ದಾಟಿತ್ತು. ಹಾಗಾದರೆ ಮಜ್ಜೆಗೆ ಸುದ್ದಿ ಮುಟ್ಟಿಸಿದವರು ಯಾರು? 1906ರಲ್ಲಿ ಪ್ಯಾರಿಸ್‌ನಲ್ಲಿ ಕಾರ್ನೋ ಮತ್ತು ದೆಫ್ಲಾಂದ್ರ್ ಎಂಬಿಬ್ಬರು, ರಕ್ತ ತೆಗೆದ ಮೊಲದ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ಬೇರೆ ಮೊಲಕ್ಕೆ ಚುಚ್ಚಿದರು. ಆ ಮೊಲದ ರಕ್ತಕಣಗಳೂ ಹೆಚ್ಚಾದವು ಅಂತ ವರದಿ ಮಾಡಿದರು. ರಕ್ತದಲ್ಲೇ ಏನೋ ಒಂದು ವಸ್ತು ಓಡಾಡುತ್ತಿದೆ ಅನ್ನುವ ಮಾತು ಹುಟ್ಟಿದ್ದು ಆಗ. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಲು 1957ರ ತನಕ ಕಾಯಬೇಕಾಯಿತು. ಶಿಕಾಗೋದಲ್ಲಿ ಜೇಕಬ್ಸನ್, ಗೋಲ್ಡ್‌ವಾಸರ್ ಮತ್ತು ಜೊತೆಯವರು ಇಲಿಗಳ ಒಂದೊಂದೇ ಅಂಗ ತೆಗೆದು ನೋಡುತ್ತಾ ಹೋದರು. ಬೇರೆ ಅಂಗ ತೆಗೆದಾಗ ಹಾರ್ಮೋನು ಬರುವುದು ನಿಲ್ಲಲಿಲ್ಲ. ಕಿಡ್ನಿ ತೆಗೆದಾಗ ನಿಂತಿತು.

ಅಲ್ಲಿಂದ ಶುದ್ಧ ಇಪಿಒ ಕೈಗೆ ಸಿಗಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ಜಪಾನಿನ ಮಿಯಾಕೆ ಎಂಬ ವೈದ್ಯರು, ಮಜ್ಜೆ ಕೆಲಸ ನಿಲ್ಲಿಸಿದ ರೋಗಿಗಳ 2,550 ಲೀಟರ್ ಮೂತ್ರ ಸಂಗ್ರಹಿಸಿದರು. ಇಂಥವರ ದೇಹ ಇಪಿಒವನ್ನು ಸುರಿಸುತ್ತಲೇ ಇರುತ್ತದೆ, ಮಜ್ಜೆ ಮಾತ್ರ ಉತ್ತರ ಕೊಡುವುದಿಲ್ಲ. ಉಳಿದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಆ ಮೂತ್ರವನ್ನು ಒಣಗಿಸಿ ಶಿಕಾಗೋಗೆ ಒಯ್ದರು. 1977ರಲ್ಲಿ ಅಷ್ಟರಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ ಹಾರ್ಮೋನು. ನಿಮ್ಮ ತಂದೆಯವರಿಗೆ ಡಾಕ್ಟರು ಹೇಳಿದ ಇಂಜೆಕ್ಷನ್ ಅಂದರೆ ಇಪಿಒ ಇಂಜೆಕ್ಷನ್. ಅದರ ಹಿಂದೆ ಇರುವುದು ಆ ರೋಗಿಗಳು ಕೊಟ್ಟ ಮೂತ್ರ. ಅವರನ್ನು ನೆನೆಯದೆ ಈ ವಿಷಯ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಅಷ್ಟೊಂದು ಅಂಗಗಳಿರುವಾಗ ಈ ಕೆಲಸ ಕಿಡ್ನಿಗೇ ಯಾಕೆ?

ಎರಡೂ ಕಿಡ್ನಿ ಸೇರಿದರೂ ತೂಕ ಸುಮಾರು 300 ಗ್ರಾಂ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಅಲ್ಲಿಗೇ ಹೋಗುತ್ತದೆ. ಇಷ್ಟು ರಕ್ತ ಬರುವುದು ಸೋಸುವುದಕ್ಕೆ. ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸಿ, ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ ಸೇರಿಸಬೇಕು. ಕಿಡ್ನಿ ಬಳಸುವ ಆಮ್ಲಜನಕದ ಹೆಚ್ಚಿನ ಪಾಲು ಹೋಗುವುದು ಈ ವಾಪಸಾತಿಗೆ, ಅದರಲ್ಲೂ ಉಪ್ಪಿನಂಶವನ್ನು ಒಳಗೆ ಎಳೆದುಕೊಳ್ಳುವುದಕ್ಕೆ.

ಇಲ್ಲೇ ಒಂದು ಸೊಗಸಾದ ಲೆಕ್ಕಾಚಾರ ಅಡಗಿದೆ. ಬಿಸಿಲಲ್ಲಿ ದುಡಿದು ಬೆವರು ಹರಿದು ಕಿಡ್ನಿಗೆ ರಕ್ತದ ಹರಿವು ಕಡಿಮೆಯಾಯಿತು ಅಂದುಕೊಳ್ಳಿ. ಬೇರೆ ಅಂಗವಾಗಿದ್ದರೆ ಕೂಡಲೇ ಆಮ್ಲಜನಕದ ಕೊರತೆ ಕಾಣಬೇಕಿತ್ತು. ಕಿಡ್ನಿಯಲ್ಲಿ ಹಾಗಾಗುವುದಿಲ್ಲ. ರಕ್ತ ಕಡಿಮೆ ಬಂದರೆ ಸೋಸುವುದು ಕಡಿಮೆ, ಸೋಸುವುದು ಕಡಿಮೆಯಾದರೆ ಎಳೆದುಕೊಳ್ಳಬೇಕಾದ ಉಪ್ಪೂ ಕಡಿಮೆ. ಖರ್ಚೇ ತಗ್ಗುತ್ತದೆ. ಹಾಗಾಗಿ ಹರಿವು ಸ್ವಲ್ಪ ಏರುಪೇರಾದರೂ ಕಿಡ್ನಿಯೊಳಗಿನ ಆಮ್ಲಜನಕದ ಮಟ್ಟ ಹೆಚ್ಚು ಕದಲುವುದಿಲ್ಲ. ಅದು ಕದಲುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ: ರಕ್ತದಲ್ಲಿ ಆಮ್ಲಜನಕ ಹೊರುವ ಕಣಗಳೇ ಕಡಿಮೆಯಾದಾಗ, ಇಲ್ಲವೇ ಉಸಿರಾಡುವ ಗಾಳಿಯಲ್ಲೇ ಆಮ್ಲಜನಕ ಸಾಲದಾದಾಗ. ರಕ್ತಕಣ ಹೆಚ್ಚಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಬೇಕಾದ ಮಾಹಿತಿಯೂ ಅದೇ ಅಲ್ವಾ? ಹೃದಯಕ್ಕೋ ಮೆದುಳಿಗೋ ಈ ಕೆಲಸ ಕೊಟ್ಟಿದ್ದರೆ, ಕೆಲಸ ಜಾಸ್ತಿಯಾದಾಗಲೆಲ್ಲ, ಹರಿವು ತಗ್ಗಿದಾಗಲೆಲ್ಲ ಸುಮ್ನೆ ರಕ್ತಕಣ ಹೆಚ್ಚಾಗಿಬಿಡುತ್ತಿತ್ತು.

ಒಂದು ಮಾತು ಸ್ಪಷ್ಟವಾಗಿರಲಿ. ಕಿಡ್ನಿ ರಕ್ತಕಣಗಳನ್ನು ಎಣಿಸುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಗೊತ್ತೇ ಇಲ್ಲ. ತನ್ನೊಳಗೆ, ತನ್ನ ಖರ್ಚು ಕಳೆದು, ಎಷ್ಟು ಆಮ್ಲಜನಕ ಉಳಿದಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಇದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಆ ಅಳತೆ ನಡೆಯುವುದು ಮೂತ್ರ ಸೋಸುವ ಕೊಳವೆಗಳ ಕೋಶಗಳಲ್ಲಿ ಅಲ್ಲ. ಕೊಳವೆಗಳಿಗೂ ಸಣ್ಣ ರಕ್ತನಾಳಗಳಿಗೂ ನಡುವಿನ ಸಂದಿಯಲ್ಲಿ ಕವಲು ಚಾಚಿಕೊಂಡು ಕೂತಿರುವ ಕೆಲವು ಕೋಶಗಳಿವೆ. ಇಪಿಒ ತಯಾರಿಸುವುದು ಅವು. ಕಿಡ್ನಿಯ ಹೊರಪದರ ಒಳಪದರಕ್ಕೆ ಸೇರುವ ಕಡೆ, ಆಮ್ಲಜನಕ ಮೊದಲೇ ಕಡಿಮೆ ಇರುವ ಜಾಗದಲ್ಲಿ ಇವು ಮೊದಲು ಎಚ್ಚೆತ್ತುಕೊಳ್ಳುತ್ತವೆ. ಇನ್ಸುಲಿನ್ ಮೊದಲೇ ತಯಾರಾಗಿ ದಾಸ್ತಾನು ಇರುತ್ತದೆ, ಇಪಿಒ ಹಾಗಲ್ಲ. ಬೇಕಾದಾಗ ಹೊಸದಾಗಿಯೇ ಆಗಬೇಕು. ಬೇಡಿಕೆ ಜಾಸ್ತಿಯಾದಂತೆ ಕೆಲಸಕ್ಕಿಳಿಯುವ ಕೋಶಗಳ ಸಂಖ್ಯೆಯೇ ಹೆಚ್ಚುತ್ತದೆ, ಹೊರಗಿನ ಪದರದ ಕಡೆಗೆ ಹರಡುತ್ತಾ ಹೋಗುತ್ತದೆ.

ಆಮ್ಲಜನಕ ಕಡಿಮೆಯಾಗಿದೆ ಅಂತ ಆ ಕೋಶಕ್ಕೆ ಗೊತ್ತಾಗುವುದು ಹೇಗೆ? 2019ರ ವೈದ್ಯಕೀಯ ನೊಬೆಲ್ ಬಂದದ್ದು ಈ ಪ್ರಶ್ನೆಗೆ ಉತ್ತರ ಹುಡುಕಿದ ಮೂವರಿಗೆ: ಗ್ರೆಗ್ ಸೆಮೆಂಜಾ, ಪೀಟರ್ ರ‍್ಯಾಟ್‌ಕ್ಲಿಫ್, ವಿಲಿಯಂ ಕೇಲಿನ್. ಇಪಿಒ ಜೀನಿನ ಪಕ್ಕದ ಡಿಎನ್‌ಎ ತುಣುಕಿಗೆ ಹೋಗಿ ಅಂಟಿಕೊಂಡು ಅದನ್ನು ಚಾಲೂ ಮಾಡುವ ಒಂದು ಪ್ರೋಟೀನನ್ನು ಸೆಮೆಂಜಾ ಮತ್ತು ಜೊತೆಯವರು 1990ರ ದಶಕದಲ್ಲಿ ಕಂಡುಹಿಡಿದರು. ಅದಕ್ಕೆ ಹಿಫ್ ಅಂತ ಹೆಸರು. ಅದರಲ್ಲೂ ಕಿಡ್ನಿಯ ಇಪಿಒಗೆ ಮುಖ್ಯವಾದದ್ದು ಹಿಫ್-2 ಎಂಬ ಬಗೆ.

ಆಮ್ಲಜನಕ ಕಡಿಮೆಯಾದಾಗ ದೇಹ ಹಿಫ್ ತಯಾರಿಸಲು ಶುರು ಮಾಡುತ್ತದೆ ಅಂತ ಯಾರಾದರೂ ಊಹಿಸುತ್ತಾರೆ. ನಡೆಯುವುದು ಬೇರೆ. ಹಿಫ್ ಸದಾ ತಯಾರಾಗುತ್ತಲೇ ಇರುತ್ತದೆ. ತಯಾರಾದ ಕೆಲವೇ ನಿಮಿಷದಲ್ಲಿ ಕೋಶ ಅದನ್ನು ಒಡೆದು ಹಾಕುತ್ತಲೇ ಇರುತ್ತದೆ. ನಲ್ಲಿ ಯಾವಾಗಲೂ ತೆರೆದಿದ್ದು, ತಳದಲ್ಲಿ ತೂತೂ ಇರುವ ತೊಟ್ಟಿಯ ಹಾಗೆ. ನೀರು ನಿಲ್ಲಬೇಕಾದರೆ ನಲ್ಲಿ ಜೋರು ಮಾಡಬೇಕಿಲ್ಲ, ತೂತು ಮುಚ್ಚಿದರೆ ಸಾಕು.

ಒಡೆಯುವ ಕೆಲಸ ಹೀಗೆ ನಡೆಯುತ್ತದೆ. ಕೋಶದಲ್ಲಿ ಒಂದು ಕಿಣ್ವವಿದೆ. ಅದು ಹಿಫ್ ಪ್ರೋಟೀನಿನ ಎರಡು ನಿರ್ದಿಷ್ಟ ಜಾಗದಲ್ಲಿ ಒಂದೊಂದು ಆಮ್ಲಜನಕದ ಪರಮಾಣು ಅಂಟಿಸಿ ಗುರುತು ಹಾಕುತ್ತದೆ. ಗುರುತು ಬಿದ್ದ ಹಿಫ್‌ನ್ನು ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನು ಹಿಡಿದು, ಒಡೆಯುವ ಜಾಗಕ್ಕೆ ಕಳಿಸುತ್ತದೆ. ಅಂಟಿಸುವ ಪರಮಾಣು ಬರುವುದು ಕೋಶದಲ್ಲಿರುವ ಆಮ್ಲಜನಕದಿಂದಲೇ. ಆಮ್ಲಜನಕ ಸಾಲದಿದ್ದರೆ ಗುರುತು ಬೀಳುವುದಿಲ್ಲ. ಗುರುತಿಲ್ಲದ ಹಿಫ್ ಉಳಿದುಕೊಳ್ಳುತ್ತದೆ, ಸೀದಾ ಕೋಶದ ನಡುವಿಗೆ ಹೋಗಿ ಇಪಿಒ ಜೀನನ್ನು ಚಾಲೂ ಮಾಡುತ್ತದೆ. ಆಮ್ಲಜನಕ ಅಳೆಯಲು ಬೇರೆ ಮೀಟರ್ ಬೇಕಾಗಿಲ್ಲ, ಆ ಕಿಣ್ವವೇ ಮೀಟರ್. ಇಷ್ಟು ವರ್ಷ ಓದಿದ ಮೇಲೂ ಈ ಏರ್ಪಾಡಿನ ಸರಳತೆ ನನ್ನನ್ನು ಬೆರಗಾಗಿಸುತ್ತದೆ.

ತಯಾರಿಸಿ ತಯಾರಿಸಿ ಒಡೆಯುವುದು ದಂಡದ ಕೆಲಸ ಅನ್ನಿಸಬಹುದು. ಲಾಭವಿರುವುದು ವೇಗದಲ್ಲಿ. ಆಮ್ಲಜನಕ ಇಳಿದ ಕೂಡಲೇ ಹಿಫ್ ಕೂಡಿಕೊಳ್ಳುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಇಪಿಒ ಏರಿದ್ದು ಕಾಣುತ್ತದೆ. ಆಮ್ಲಜನಕ ಸರಿಹೋದರೆ ಅಷ್ಟೇ ಬೇಗ ಹಿಫ್ ಮಾಯ. ಆ ಕಿಣ್ವಕ್ಕೆ ಕೆಲಸ ಮಾಡಲು ಕಬ್ಬಿಣವೂ ಬೇಕು. ಹಿಂದೆ ರಕ್ತಹೀನತೆಗೆ ಕೋಬಾಲ್ಟ್ ಲವಣ ಕೊಡುತ್ತಿದ್ದ ಕಾಲವಿತ್ತು. ಯಾಕೆ ಕೆಲಸ ಮಾಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಕೋಬಾಲ್ಟ್ ಆ ಕಿಣ್ವದ ಕೆಲಸಕ್ಕೆ ಅಡ್ಡ ಬರುತ್ತದೆ, ಆಮ್ಲಜನಕ ಇದ್ದರೂ ಇಲ್ಲದ ಹಾಗೆ ಕೋಶ ವರ್ತಿಸುತ್ತದೆ ಅಂತ ಈಗ ಗೊತ್ತು. ವಿಷದ ಪರಿಣಾಮಗಳಿಂದ ಆ ಔಷಧಿ ಮೂಲೆ ಸೇರಿತು.

ನಿಮ್ಮ ತಮ್ಮನ ವಿಷಯ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ 21 ಶೇಕಡಾವೇ. ಆದರೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ ಇರುತ್ತದೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಮೊದಲ ಕೆಲವು ದಿನ ಹಿಮೋಗ್ಲೋಬಿನ್ ಏರಿದಂತೆ ಕಾಣುವುದು ರಕ್ತದ ನೀರಿನಂಶ ತಗ್ಗುವುದರಿಂದ. ಹೊಸ ಕಣ ಆಗ ಇನ್ನೂ ಬಂದಿರುವುದಿಲ್ಲ. ಇಪಿಒ ಒಂದೆರಡು ದಿನದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಮಜ್ಜೆ ಮಾತ್ರ ವಾರಗಟ್ಟಲೆ ಹೊಸ ಕಣ ಸೇರಿಸುತ್ತಾ ಹೋಗುತ್ತದೆ. ಎಂಟು ತಿಂಗಳ ಮೇಲೆ 18 ಬಂದಿರುವುದು ಈ ಎತ್ತರಕ್ಕೆ ಹೊಂದಿಕೊಂಡ ದೇಹದಲ್ಲಿ ಕಾಣುವಂಥದ್ದೇ. ಗಂಡಸರಿಗೆ 21 ಮುಟ್ಟಿದರೆ ಅದು ಎತ್ತರದ ಕಾಯಿಲೆಯ ಲಕ್ಷಣ. ರಕ್ತ ಗಟ್ಟಿಯಾಗಿ ತಲೆನೋವು, ಉಸಿರಾಟದ ಕಷ್ಟ, ನಿದ್ದೆಗೆಡುವುದು, ತುಟಿ ನೀಲಿಯಾಗುವುದು ಎಲ್ಲ ಶುರುವಾಗುತ್ತದೆ. ಬೀಡಿ ಸಿಗರೇಟು ಸೇದುತ್ತಿದ್ದರೆ ಈಗಲೇ ಬಿಡಲು ಹೇಳಿ. ಹೊಗೆಯ ಕಾರ್ಬನ್ ಮಾನಾಕ್ಸೈಡು ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ, ಕಿಡ್ನಿಗೆ ಅದೂ ಆಮ್ಲಜನಕದ ಕೊರತೆಯಾಗಿಯೇ ಕಾಣುತ್ತದೆ. ಕೆಳಗೆ ಬಂದ ಮೇಲೆ ಕೆಲವು ವಾರದಲ್ಲಿ ಹಿಮೋಗ್ಲೋಬಿನ್ ತಾನಾಗಿಯೇ ಇಳಿಯುತ್ತದೆ.

ಟಿಬೆಟಿನ ಜನ ಇನ್ನೂ ಎತ್ತರದಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ್ದಾರೆ. ಅವರ ಹಿಮೋಗ್ಲೋಬಿನ್ ಅಷ್ಟೊಂದು ಏರುವುದಿಲ್ಲ. ಹಿಫ್-2 ಮತ್ತು ಗುರುತು ಹಾಕುವ ಆ ಕಿಣ್ವ, ಈ ಎರಡರ ಜೀನುಗಳಲ್ಲೇ ಅವರಿಗೆ ಬೇರೆ ರೂಪವಿದೆ. ಹಿಫ್ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ನಿಮ್ಮ ತಂದೆಯವರು. ಹಿಮೋಗ್ಲೋಬಿನ್ 8.5 ಇದ್ದಾಗ ಆರೋಗ್ಯವಂತ ಕಿಡ್ನಿ ಇಪಿಒವನ್ನು ಹಲವು ಪಟ್ಟು ಏರಿಸಬೇಕು. ರಕ್ತಹೀನತೆ ತೀರಾ ಜಾಸ್ತಿಯಾದರೆ ನೂರು, ಸಾವಿರ ಪಟ್ಟು ಏರಿದ್ದೂ ಉಂಟು. ನಿಮ್ಮ ತಂದೆಯವರ ಇಪಿಒ ಪರೀಕ್ಷೆ ಮಾಡಿಸಿದರೆ ಬಹುಶಃ 'ನಾರ್ಮಲ್' ಅಂತ ಬರುತ್ತದೆ. 14 ಹಿಮೋಗ್ಲೋಬಿನ್ ಇರುವವರಿಗೆ ನಾರ್ಮಲ್ ಆದದ್ದು 8.5 ಇರುವವರಿಗೆ ಏನೇನೂ ಸಾಲದು. ಹಾಗಾಗಿ ಆ ಪರೀಕ್ಷೆಗೆ ದುಡ್ಡು ಹಾಕಬೇಡಿ, ಸಾಮಾನ್ಯವಾಗಿ ಅದರಿಂದ ಉಪಯೋಗವಿಲ್ಲ.

ಅವರ ಕಿಡ್ನಿಯಲ್ಲಿ ಇಪಿಒ ಕೋಶಗಳು ಸತ್ತುಹೋಗಿವೆಯಾ? ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಈಗಿನ ತಿಳಿವಳಿಕೆ ಬೇರೆ. ಕಿಡ್ನಿ ಹಾಳಾಗುತ್ತಾ ಹೋದಂತೆ ಆ ಕೋಶಗಳಲ್ಲಿ ಹಲವು ಇಪಿಒ ಬಿಟ್ಟು ಕಲೆಗಟ್ಟಿಸುವ ನಾರು ಉತ್ಪಾದಿಸಲು ಹೊರಳುತ್ತವೆ. ಜೊತೆಗೆ, ಸೋಸುವುದು ಕಡಿಮೆಯಾದ್ದರಿಂದ ಆಮ್ಲಜನಕದ ಖರ್ಚೂ ಕಡಿಮೆ. ಕೋಶಗಳಿಗೆ ಕೊರತೆಯ ಸುದ್ದಿಯೇ ಸರಿಯಾಗಿ ಮುಟ್ಟುವುದಿಲ್ಲ. ಅಂದರೆ ಶಕ್ತಿ ಪೂರ್ತಿ ಹೋಗಿಲ್ಲ, ಕರೆ ಹೋಗುತ್ತಿಲ್ಲ. ಅಮೆರಿಕದಲ್ಲಿ ಎತ್ತರದ ಊರುಗಳಲ್ಲಿರುವ ಡಯಾಲಿಸಿಸ್ ರೋಗಿಗಳಿಗೆ ಕೆಳಗಿನ ಊರಿನವರಿಗಿಂತ ಕಡಿಮೆ ಇಪಿಒ ಇಂಜೆಕ್ಷನ್ ಸಾಕಾಗುತ್ತದೆ ಅಂತ ಅಧ್ಯಯನದಲ್ಲಿ ಕಂಡಿದೆ. ನಿಮ್ಮ ತಮ್ಮನಲ್ಲಿ ಕೆಲಸ ಮಾಡಿದ ದಾರಿ ಕೆಟ್ಟ ಕಿಡ್ನಿಯವರಲ್ಲೂ ಪೂರ್ತಿ ಮುಚ್ಚಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ.

ಇದೇ ತಿಳಿವಿನಿಂದ ಮಾತ್ರೆಗಳೂ ಬಂದಿವೆ. ಗುರುತು ಹಾಕುವ ಕಿಣ್ವವನ್ನು ತಡೆದು ಹಿಫ್ ಉಳಿಯುವಂತೆ ಮಾಡುವ ಮಾತ್ರೆಗಳು ಇವು. ರಾಕ್ಸಾಡುಸ್ಟ್ಯಾಟ್‌ಗೆ 2018ರಲ್ಲಿ ಚೀನಾದಲ್ಲಿ ಒಪ್ಪಿಗೆ ಸಿಕ್ಕಿತು. ಭಾರತದಲ್ಲೇ ರೂಪುಗೊಂಡ ಡೆಸಿಡುಸ್ಟ್ಯಾಟ್‌ಗೆ 2022ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕಿತು. ಹಿಫ್ ಇಪಿಒ ಒಂದನ್ನೇ ಅಲ್ಲ, ಹೊಸ ರಕ್ತನಾಳ ಬೆಳೆಸುವ ಜೀನುಗಳನ್ನೂ ಚಾಲೂ ಮಾಡುತ್ತದೆ. ಆದ್ದರಿಂದ ಕ್ಯಾನ್ಸರ್ ಇದ್ದವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಸಕ್ಕರೆಯಿಂದ ಕಣ್ಣಿನ ನರಪಟಲ ಹಾಳಾದವರಿಗೆ ಈ ಮಾತ್ರೆ ಕೊಡುವಾಗ ಹುಷಾರಾಗಿರಬೇಕು. ನಿಮ್ಮ ತಂದೆಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ ಇದೆ. ಕಣ್ಣು ಪರೀಕ್ಷೆ ಆಗಿದೆಯಾ ಅಂತ ಡಾಕ್ಟರಿಗೆ ಮೊದಲೇ ತಿಳಿಸಿ.

ಇಂಜೆಕ್ಷನ್ ಇರಲಿ ಮಾತ್ರೆ ಇರಲಿ, ಮೊದಲು ನೋಡಬೇಕಾದದ್ದು ಕಬ್ಬಿಣ. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎರಡೂ ಮಾಡಿಸಿ. ಫೆರಿಟಿನ್ 100ಕ್ಕಿಂತ ಕೆಳಗೆ, ಸ್ಯಾಚುರೇಶನ್ 20 ಶೇಕಡಾಕ್ಕಿಂತ ಕೆಳಗೆ ಇದ್ದರೆ ಕಬ್ಬಿಣದ ಕೊರತೆ ಖಂಡಿತ. ಕಬ್ಬಿಣವಿಲ್ಲದೆ ಇಪಿಒ ಚುಚ್ಚಿದರೆ ಕೋಶ ಬದುಕುತ್ತದೆ, ಒಳಗೆ ತುಂಬಲು ಹಿಮೋಗ್ಲೋಬಿನ್ ಇರುವುದಿಲ್ಲ. ಕಿಡ್ನಿ ರೋಗದಲ್ಲಿ ಹೆಪ್ಸಿಡಿನ್ ಎಂಬ ಇನ್ನೊಂದು ಹಾರ್ಮೋನು ಏರಿ, ಕರುಳಿನಿಂದ ಕಬ್ಬಿಣ ಒಳಗೆ ಬರಲು ಬಿಡುವುದಿಲ್ಲ. ಹಾಗಾಗಿ ಕಬ್ಬಿಣದ ಮಾತ್ರೆ ಸಾಲದೆ ಎಷ್ಟೋ ಜನರಿಗೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡಬೇಕಾಗುತ್ತದೆ. ಬಿ12, ಮಲದಲ್ಲಿ ರಕ್ತ ಹೋಗುತ್ತಿದೆಯಾ ಅನ್ನುವುದನ್ನೂ ನೋಡಿಸಿ. ಎಲ್ಲವನ್ನೂ ಕಿಡ್ನಿಯ ತಲೆಗೆ ಕಟ್ಟಿ ಕೂತರೆ ಹೊಟ್ಟೆಯ ಹುಣ್ಣೋ ಮೂಲವ್ಯಾಧಿಯೋ ಕಣ್ತಪ್ಪುತ್ತದೆ.

ದಾಳಿಂಬೆ, ಖರ್ಜೂರ, ಬೀಟ್‌ರೂಟ್ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ: ಸದ್ಯಕ್ಕೆ ನಿಲ್ಲಿಸಿ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಈ ಹಂತದ ಕಿಡ್ನಿ ಪೊಟ್ಯಾಸಿಯಂ ಹೊರಹಾಕಲು ಒದ್ದಾಡುತ್ತದೆ, ಇವೆಲ್ಲದರಲ್ಲೂ ಅದು ಜಾಸ್ತಿ. ಎಳನೀರೂ ಅಷ್ಟೇ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಪ್ರೀತಿಯಿಂದ ಕೊಟ್ಟದ್ದು ಅಪಾಯವಾಗುವುದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಇಂಜೆಕ್ಷನ್ ಶುರುವಾದ ಮೇಲೆ ಹಿಮೋಗ್ಲೋಬಿನ್ 14 ಆಗಲಿ ಅಂತ ಒತ್ತಾಯ ಮಾಡಬೇಡಿ. ಕಿಡ್ನಿ ರೋಗಿಗಳಲ್ಲಿ 13ರ ಆಸುಪಾಸಿಗೆ ಏರಿಸಲು ಹೊರಟ ದೊಡ್ಡ ಅಧ್ಯಯನಗಳು 2006 ಮತ್ತು 2009ರಲ್ಲಿ ಪ್ರಕಟವಾದವು. ಅವುಗಳಲ್ಲಿ ಲಾಭ ಕಡಿಮೆ ಕಂಡಿತು. ಸಕ್ಕರೆ ಕಾಯಿಲೆಯವರ ಮೇಲೆ ನಡೆದ 2009ರ ಅಧ್ಯಯನದಲ್ಲಿ ಪಾರ್ಶ್ವವಾಯು ಹೆಚ್ಚಾಯಿತು. ಹಾಗಾಗಿ 10ರಿಂದ 11.5ರ ನಡುವೆ ನಿಲ್ಲಿಸುವುದು ಈಗಿನ ಪದ್ಧತಿ. ಎರಡು ವಾರದಲ್ಲಿ 1ಕ್ಕಿಂತ ಜಾಸ್ತಿ ಏರಿದರೆ ಡೋಸ್ ಕಡಿಮೆ ಮಾಡುತ್ತಾರೆ. ಬಿಪಿ ಏರಬಹುದು, ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಹಿಂದೆ ಪಾರ್ಶ್ವವಾಯು ಅಥವಾ ಕ್ಯಾನ್ಸರ್ ಆಗಿದ್ದರೆ ಮುಚ್ಚಿಡಬೇಡಿ.

ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ಆ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದು ಹಿಮೋಗ್ಲೋಬಿನ್ನನ್ನು ಸ್ವಲ್ಪ ಇಳಿಸುತ್ತದೆ. ಅಷ್ಟಕ್ಕೇ ನೀವಾಗಿ ನಿಲ್ಲಿಸಬೇಡಿ, ಕಿಡ್ನಿ ಉಳಿಸುವ ಮಾತ್ರೆ ಅದು.

ಕೊನೆಯದಾಗಿ, ಒಂದು ಬಾಟಲಿ ರಕ್ತ ಹಾಕಿಸಿಬಿಡೋಣ ಅಂತ ಮನೆಯಲ್ಲಿ ಮಾತು ಬರಬಹುದು. ಎದೆನೋವು, ಕೂತಲ್ಲೇ ಉಸಿರು ಕಟ್ಟುವುದು ಇದ್ದರೆ ಡಾಕ್ಟರೇ ಹಾಕುತ್ತಾರೆ. ಸುಸ್ತಿಗೆ ಅಂತ ಹಾಕಿಸಬೇಡಿ. ಬೇರೆಯವರ ರಕ್ತ ಒಳಗೆ ಹೋದರೆ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಮುಂದೆ ಕಿಡ್ನಿ ಕಸಿ ಮಾಡಿಸುವ ಯೋಚನೆ ಬಂದರೆ, ಹೊಂದುವ ಕಿಡ್ನಿ ಸಿಗುವುದು ಅದರಿಂದ ಕಷ್ಟವಾಗುತ್ತದೆ. ನಿಮ್ಮ ತಂದೆಯವರಿಗೆ ಕಸಿ ಸಾಧ್ಯವಾ ಅನ್ನುವುದನ್ನು ಡಯಾಲಿಸಿಸ್ ಶುರುವಾಗುವ ಮೊದಲೇ, ಮುಂದಿನ ಭೇಟಿಯಲ್ಲೇ, ಅವರ ಡಾಕ್ಟರ ಹತ್ತಿರ ಕೇಳಿ.